ಸದ್ದು ಮಾಡುವ ರೆಕಾರ್ಡ್ ಪ್ಲೇಯರ್ ಗುಜರಿಗೆ ಹೋಗುವ ಮೊದಲು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಜನ ಮತ್ತೆ ಪ್ಲೇಟು ಹಾಕಿ ಹಾಡು ಕೇಳುತ್ತಿದ್ದಾರೆ ಅಂತ ತಿಳಿದು ಖುಷಿಯಾಯಿತು. ಆದರೆ ಲೇಖನದ ಕೊನೆಯಲ್ಲಿ ಒಂದು ಸಲಹೆ ಇತ್ತು. ಮೋಟಾರ್ ಸದ್ದು ಮಾಡುತ್ತಿದ್ದರೆ ಅದರ ಆಯಸ್ಸು ಮುಗಿಯಿತು, ರಿಪೇರಿಗೆ ದುಡ್ಡು ಹಾಕುವ ಬದಲು ಹೊಸದು ಕೊಳ್ಳಿ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಈ ಮಾತು ನಂಬಿ ಯಾರಾದರೂ ಮನೆಯಲ್ಲಿರುವ ಒಳ್ಳೆಯ ಪ್ಲೇಯರ್ ಗುಜರಿಗೆ ಕೊಟ್ಟುಬಿಟ್ಟರೆ ಅನ್ನುವ ಚಿಂತೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಜಾಗ ಕೊಡಿ.

ನಾನು ದಾವಣಗೆರೆಯ ನಿಟುವಳ್ಳಿಯಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟುಕೊಂಡಿರುವವಳು. ನನ್ನ ಅಪ್ಪ ಇಲ್ಲಿನ ಒಂದು ಕಾಟನ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ನೂಲು ತೆಗೆಯುವ ರಿಂಗ್ ಫ್ರೇಮ್ ಯಂತ್ರಗಳ ಖಾತೆ. ನೂರಾರು ಸ್ಪಿಂಡಲ್‌ಗಳು ಒಟ್ಟಿಗೆ ತಿರುಗುವ ಗದ್ದಲದಲ್ಲೂ ಯಾವ ಸ್ಪಿಂಡಲಿಗೆ ಎಣ್ಣೆ ಮುಗಿದಿದೆ ಅಂತ ಅವರು ಕಿವಿಯಲ್ಲೇ ಹೇಳುತ್ತಿದ್ದರು. "ಮೊದ್ಲು ಸದ್ದು ಎಲ್ಲಿಂದ ಬರ್ತೈತಿ ಅಂತ ನೋಡು, ಆಮ್ಯಾಲೆ ಸ್ಪ್ಯಾನರ್ ಹಿಡಿ" ಅನ್ನುವುದು ಅವರ ಪಾಠ. ನನ್ನ ಹೊಲಿಗೆ ಮಿಷನ್ನಿನ ಮೋಟಾರನ್ನು ನಾನೇ ಬಿಚ್ಚಿ, ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಹಾಕಿ, ಎಣ್ಣೆ ಬಿಟ್ಟು ಓಡಿಸುತ್ತೇನೆ. ರೆಕಾರ್ಡ್ ಪ್ಲೇಯರಿನ ಮೋಟಾರ್ ಅದಕ್ಕಿಂತ ಸರಳ.

ನಾನು ಹೇಳಬೇಕಾದ್ದು ಇಷ್ಟೇ. ಸದ್ದಿನ ಜೊತೆ ಪ್ಲೇಟೂ ತಿರುಗುತ್ತಿದೆ ಅಂದರೆ ಮೋಟಾರ್ ಇನ್ನೂ ತಿರುಗುತ್ತಿದೆ ಅಂತ. ತಿರುಗುತ್ತಿರುವ ಮೋಟಾರಿನ ವೈಂಡಿಂಗ್, ಅಂದರೆ ಒಳಗಿನ ತಾಮ್ರದ ತಂತಿಯ ಸುತ್ತು, ಬಹುತೇಕ ಸರಿಯಾಗೇ ಇರುತ್ತದೆ. ಕೆಟ್ಟಿರುವುದು ಒಣಗಿದ ಬುಷ್ಷು (ತಿರುಗುವ ಸಲಾಕೆ ಕೂರುವ ಬಳೆ), ಗಟ್ಟಿಯಾದ ರಬ್ಬರು, ಸಡಿಲವಾದ ಸ್ಕ್ರೂ, ಇಂಥದ್ದೇ ಏನೋ ಒಂದು. ಅದು ಯಾವುದು ಅಂತ ಪತ್ತೆ ಮಾಡದೆ ಮೋಟಾರ್ ಹೋಯಿತು ಅನ್ನುವುದು ತಪ್ಪು.

ನಮ್ಮ ಮನೆಯಲ್ಲಿ ಆಗಿದ್ದೂ ಇದೇ. ಪ್ಲೇಯರ್ ನಮ್ಮ ಮಾವನವರದು. ಹೈಸ್ಕೂಲ್ ಮೇಷ್ಟ್ರಾಗಿದ್ದರು, ಸಂಗೀತ ಅಂದರೆ ಪ್ರಾಣ. ಪಿ. ಕಾಳಿಂಗರಾಯರ ಭಾವಗೀತೆಗಳು, ಮಲ್ಲಿಕಾರ್ಜುನ ಮನ್ಸೂರರು, ಭೀಮಸೇನ ಜೋಶಿಯವರು, ಎಲ್ಲರ ಪ್ಲೇಟುಗಳೂ ಟ್ರಂಕಿನಲ್ಲಿವೆ. ಪೆಟ್ಟಿಗೆಯ ಮುಚ್ಚಳದೊಳಗೆ ಅಂಗಡಿಯವರು ಅಂಟಿಸಿದ ಚೀಟಿ ಹಾಗೇ ಇದೆ, ಅದರಲ್ಲಿ "ದಾವಣಗೆರೆ, ಚಿತ್ರದುರ್ಗ ಜಿಲ್ಲೆ" ಅಂತ ಅಚ್ಚಾಗಿದೆ. ನಮ್ಮೂರು ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಚೀಟಿ ಅದಕ್ಕೂ ಎಷ್ಟೋ ಹಿಂದಿನದು. ಮಾವನವರು ಹೋದ ಮೇಲೆ ಪ್ಲೇಯರ್ ಅಟ್ಟ ಸೇರಿತ್ತು. ಇಳಿಸಿ ಹಾಕಿದರೆ ಹಾಡಿಗಿಂತ ಗರಗರ ಸದ್ದೇ ಜಾಸ್ತಿ. ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆವು. ಆ ಹುಡುಗ ಮುಚ್ಚಳ ಕೂಡ ತೆಗೆಯದೆ, "ಅಕ್ಕಾ, ಮೋಟಾರ್ ಹೋಗೈತಿ, ಇದಕ್ಕೆ ಪಾರ್ಟ್ ಎಲ್ಲೂ ಸಿಗಂಗಿಲ್ಲ, ಗುಜರಿಗೆ ಹಾಕ್ರಿ" ಅಂದ. ಅದೇ ಪ್ಲೇಯರ್ ಈಗ ನಮ್ಮ ನಡುಮನೆಯಲ್ಲಿ ಹಾಡುತ್ತಿದೆ, ಅದೇ ಮೋಟಾರಿನಲ್ಲಿ. ಹೊಸದಾಗಿ ಕೊಂಡಿದ್ದು ರಬ್ಬರ್ ಮತ್ತು ಎಣ್ಣೆ ಮಾತ್ರ.

ಮೊದಲು ಸದ್ದಿನ ಜಾತಿ ತಿಳಿಯಬೇಕು. ಪ್ಲೇಯರಿನಲ್ಲಿ ಎರಡು ಬಗೆಯ ಸದ್ದು ಇರುತ್ತದೆ. ಒಂದು, ಸ್ಪೀಕರ್ ಬಂದ್ ಇದ್ದರೂ ಪೆಟ್ಟಿಗೆಯಿಂದಲೇ ಕೇಳುವಂಥದ್ದು. ಇನ್ನೊಂದು, ಪೆಟ್ಟಿಗೆ ಸುಮ್ಮನಿದ್ದರೂ ಸ್ಪೀಕರಿನಲ್ಲಿ ಬರುವಂಥದ್ದು. ಎರಡಕ್ಕೂ ಮದ್ದು ಬೇರೆ ಬೇರೆ. ಆಲಾಪದ ಶುರುವಿನಲ್ಲಿ ತಂಬೂರಿ ಮಾತ್ರ ನುಡಿಯುತ್ತಿರುವಾಗ ಅದರ ಕೆಳಗೆ ದಪ್ಪನೆಯ ಗುರ್ ಅನ್ನುವ ಸದ್ದು ಕೇಳಿದರೆ, ಅದು ಮೋಟಾರಿನ ನಡುಕ ಮುಳ್ಳಿನ ತನಕ ಹರಿದು ಬರುತ್ತಿರುವುದು. ಇದಕ್ಕೆ ರಂಬಲ್ ಅನ್ನುತ್ತಾರೆ.

ಪರೀಕ್ಷೆ ಹೀಗೆ ಮಾಡಿ. ಮೋಟಾರ್ ಓಡುತ್ತಿರಲಿ, ಮುಳ್ಳು ಎತ್ತಿರಲಿ, ವಾಲ್ಯೂಮ್ ನಿಧಾನಕ್ಕೆ ಏರಿಸಿ. ಆಗಲೂ ಗುಂಯ್ ಅಂದರೆ ಅದು ಕರೆಂಟಿನ ಹಮ್, ಮೋಟಾರಿನ ನಡುಕವಲ್ಲ. ಮೋಟಾರ್ ಆಫ್ ಮಾಡಿದರೂ ಹಮ್ ಹೋಗದಿದ್ದರೆ ಆಂಪ್ಲಿಫೈಯರ್ ಅಥವಾ ಅರ್ಥ್ ವೈರಿನ ಕಡೆ ನೋಡಬೇಕು. ಎಷ್ಟೋ ಪ್ಲೇಯರ್‌ಗಳಲ್ಲಿ ಸಿಗ್ನಲ್ ವೈರಿನ ಜೊತೆ ಒಂದು ತೆಳ್ಳನೆಯ ವೈರ್ ಹೊರಗೆ ಬಂದಿರುತ್ತದೆ. ಅದನ್ನು ಆಂಪ್ಲಿಫೈಯರ್ ಹಿಂದಿನ ಸಣ್ಣ ಸ್ಕ್ರೂಗೆ ಬಿಗಿಯಬೇಕು. ಯಾವುದಕ್ಕೆ ಅಂತ ಗೊತ್ತಾಗದೆ ಬಹಳ ಜನ ಅದನ್ನು ಸುಮ್ನೆ ಬಿಟ್ಟಿರುತ್ತಾರೆ. ಬಿಗಿದರೆ ಹಮ್ ನಿಲ್ಲುವುದುಂಟು. ಇಂಥ ಕೇಸಿನಲ್ಲಿ ಮೋಟಾರ್ ಮುಟ್ಟುವ ಕೆಲಸವೇ ಇಲ್ಲ.

ಮುಳ್ಳು ಎತ್ತಿದಾಗ ಸ್ಪೀಕರ್ ಶಾಂತವಾಗಿದ್ದು, ಮುಳ್ಳು ಇಟ್ಟ ಕೂಡಲೇ ಗುರ್ ಅಂದರೆ ಎರಡನೇ ಪರೀಕ್ಷೆ. ಬೆಲ್ಟ್ ಇರುವ ಪ್ಲೇಯರ್ ಆದರೆ ಬೆಲ್ಟ್ ತೆಗೆಯಿರಿ. ರಬ್ಬರ್ ಚಕ್ರ ಇರುವುದಾದರೆ ಅದನ್ನು ಬಿಚ್ಚಿ. ಮೋಟಾರಿನ ತಿರುಗುವಿಕೆ ದಾಟಿಸುವುದು ಇವೇ ಆದ್ದರಿಂದ ಪ್ಲೇಟು ಕೂರುವ ಲೋಹದ ತಟ್ಟೆ ಈಗ ತಿರುಗುವುದಿಲ್ಲ. ನಿಂತ ಪ್ಲೇಟಿನ ಮೇಲೆ ಮುಳ್ಳು ಇಟ್ಟು ಮೋಟಾರ್ ಒಂದನ್ನೇ ಓಡಿಸಿ. ಈಗಲೂ ಗುರ್ ಅಂದರೆ ಮೋಟಾರಿನ ನಡುಕ ಪೆಟ್ಟಿಗೆಯ ಮೂಲಕ ಮುಳ್ಳಿಗೆ ಬರುತ್ತಿದೆ. ಸದ್ದು ಮಾಯವಾದರೆ ಬೆಲ್ಟು, ರಬ್ಬರ್ ಚಕ್ರ ಅಥವಾ ತಟ್ಟೆಯ ನಡುಗಂಬ, ಈ ಮೂರರಲ್ಲಿ ಒಂದರ ಮೇಲೆ ಅನುಮಾನ ಪಡಿ.

ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ, ಅದಕ್ಕೆ ಗಡಿಯಾರ ಒಂದಿದ್ದರೆ ಸಾಕು. ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಹಾಡುವ ಪ್ಲೇಟು, ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಟಕ್ ಅನ್ನುವ ಸದ್ದು 1.8 ಸೆಕೆಂಡಿಗೆ ಒಂದು ಸಲ ಬಂದರೆ ತಪ್ಪು ಪ್ಲೇಟಿನದು ಅಥವಾ ತಟ್ಟೆಯದು. ಪ್ಲೇಟ್ ಬದಲಿಸಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಹಲವು ಸಲ ಟಪ್ ಟಪ್ ಅಂದರೆ ರಬ್ಬರ್ ಚಕ್ರ. ಎಣಿಸಲು ಆಗದಷ್ಟು ಬೇಗ, ಒಂದೇ ಸಮನೆ ಬಂದರೆ ಮೋಟಾರ್. ಹಳೆಯ ರಬ್ಬರ್ ಚಕ್ರದ ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಇರುವುದು ನಾಲ್ಕು ಪೋಲಿನ (ಅಯಸ್ಕಾಂತದ ಧ್ರುವದ) ಮೋಟಾರ್. ನಮ್ಮ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತದ, ಕರೆಂಟಿನಲ್ಲಿ ಅದು ನಿಮಿಷಕ್ಕೆ 1500ಕ್ಕಿಂತ ಸ್ವಲ್ಪ ಕಡಿಮೆ ಸುತ್ತು, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 25 ಸುತ್ತು ತಿರುಗುತ್ತದೆ. ಅದನ್ನು ಯಾರ ಕಿವಿಯೂ ಎಣಿಸಲಾರದು.

ಪೆಟ್ಟಿಗೆಯಿಂದಲೇ ಸದ್ದು ಬರುತ್ತಿದ್ದರೆ ಅಪ್ಪ ಮಿಲ್ಲಿನಲ್ಲಿ ಮಾಡುತ್ತಿದ್ದ ಹಾಗೆ ಮಾಡಿ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಪ್ಲೇಯರಿನ ಮೇಲಿನ ಹಲಗೆಗೆ, ಮೋಟಾರ್ ಇರುವ ಜಾಗದ ಹತ್ತಿರ ಒತ್ತಿ, ಮರದ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ತಾಗಿಸಿ. ಸದ್ದು ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಸ್ಪಷ್ಟವಾಗಿ ಕೇಳುತ್ತದೆ. ಒಣಗಿದ ಬುಷ್ ಕಿರ್ ಅಂತ ಅರಚುತ್ತದೆ. ಸಡಿಲ ಸ್ಕ್ರೂ ಚಿರ್ ಅಂತ ನಡುಗುತ್ತದೆ. ಒಂದು ಎಚ್ಚರಿಕೆ. ಇದು 230 ವೋಲ್ಟಿನ ವಿಷಯ. ಅಡಿಯ ಮುಚ್ಚಳ ಬಿಚ್ಚಿ, ತೆರೆದ ವೈರ್ ಇರುವ ಕಡೆ ಕರೆಂಟ್ ಹಾಕಿಕೊಂಡು ಸ್ಕ್ರೂ ಡ್ರೈವರ್ ಆಡಿಸಬೇಡಿ. ಕೈ ಹಾಕುವ ಮೊದಲು ಪ್ಲಗ್ ಗೋಡೆಯಿಂದ ಹೊರಗೆ ಬಂದಿರಬೇಕು. ಸ್ವಿಚ್ ಆಫ್ ಮಾಡಿದೆ ಅನ್ನುವುದು ಸಾಲದು. ಮಕ್ಕಳು ಪಕ್ಕದಲ್ಲಿದ್ದರೆ ಪ್ಲಗ್ಗನ್ನು ನಿಮ್ಮ ಕಣ್ಣೆದುರೇ ಇಟ್ಟುಕೊಳ್ಳಿ.

ನಮ್ಮ ಪ್ಲೇಯರಿನಲ್ಲಿ ಸಿಕ್ಕಿದ ತೊಂದರೆ ಒಂದಲ್ಲ, ಮೂರು.

ಒಂದನೆಯದು ಬುಷ್. ತಟ್ಟೆ ಎತ್ತಿ, ರಬ್ಬರ್ ಚಕ್ರ ತೆಗೆದು, ಮೋಟಾರಿನ ಶಾಫ್ಟನ್ನು, ಅಂದರೆ ತಿರುಗುವ ಸಲಾಕೆಯನ್ನು, ಬೆರಳಲ್ಲಿ ತಿರುಗಿಸಿದರೆ ಬಿಗಿಯಾಗಿತ್ತು. ಸರಿಯಾದ ಮೋಟಾರ್ ಹಾಗಿರುವುದಿಲ್ಲ. ಬೆರಳಿನಿಂದ ಮೀಟಿದರೆ ಸ್ವಲ್ಪ ಹೊತ್ತು ತಾನೇ ತಿರುಗುತ್ತಿರಬೇಕು. ಮೋಟಾರ್ ಹೊರಗೆ ತೆಗೆದೆ. ಮೇಲಿನ ಮುಚ್ಚಳ, ನಡುವಿನ ಕಬ್ಬಿಣದ ಪಟ್ಟಿಗಳ ಕಟ್ಟು, ಕೆಳಗಿನ ಮುಚ್ಚಳ, ಮೂರಕ್ಕೂ ಅಡ್ಡಲಾಗಿ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದುಕೊಂಡೆ. ಈ ಗೀಟು ಬಹಳ ಮುಖ್ಯ. ಮತ್ತೆ ಜೋಡಿಸುವಾಗ ಮುಚ್ಚಳ ತಿರುವುಮುರುವಾದರೆ ಹೊಸ ಸದ್ದು ಶುರುವಾಗುತ್ತದೆ. ಇಂಥ ಮೋಟಾರಿನಲ್ಲಿ ಕಾರ್ಬನ್ ಇಲ್ಲ, ಸವೆಯುವ ಭಾಗ ಅಂದರೆ ಶಾಫ್ಟಿನ ಮೇಲೊಂದು, ಕೆಳಗೊಂದು ಇರುವ ಎರಡು ಬುಷ್ ಮಾತ್ರ. ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ ಬುಷ್ ಅದು. ಮೈತುಂಬ ಸಣ್ಣ ಸಣ್ಣ ರಂಧ್ರ, ಆ ರಂಧ್ರಗಳಲ್ಲೇ ಎಣ್ಣೆ ನಿಂತಿರುತ್ತದೆ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹೊರಗೆ ಬರುತ್ತದೆ, ನಿಂತಾಗ ಒಳಗೆ ಹೋಗುತ್ತದೆ. ಸುತ್ತ ಒಂದು ಫೆಲ್ಟ್ ಉಂಗುರ ಇದ್ದು ಅದೂ ಎಣ್ಣೆ ಹಿಡಿದುಕೊಂಡಿರುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿ, ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಕಾದ ಶೀಟಿನ ಕೆಳಗೆ ಕೂತ ಮೋಟಾರಿನಲ್ಲಿ ಆ ಎಣ್ಣೆ ಹಳೆಯ ಬೆಲ್ಲದ ಪಾಕದ ಹಾಗೆ ಅಂಟಾಗಿ ಕಂದು ಬಣ್ಣಕ್ಕೆ ತಿರುಗಿತ್ತು.

ಅಂಟು ತೆಗೆಯಲು ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅನ್ನುವ ಸ್ಪಿರಿಟ್ ಸಾಕು. ಶಾಫ್ಟನ್ನು ಅದರಲ್ಲಿ ಒರೆಸಿ. ಬುಷ್ಷಿನ ತೂತಿಗೆ ಹತ್ತಿ ಸುತ್ತಿದ ಬಿದಿರು ಕಡ್ಡಿ ಹಾಕಿ, ಕಂದು ಬಣ್ಣ ಬರುವುದು ನಿಲ್ಲುವ ತನಕ ತಿರುಗಿಸಿ. ಸ್ಯಾಂಡ್ ಪೇಪರ್ ಮಾತ್ರ ಮುಟ್ಟಬೇಡಿ, ಶಾಫ್ಟ್ ಹಾಳಾಗುತ್ತದೆ. ವೈಂಡಿಂಗ್ ಮೇಲೆ ಥಿನ್ನರ್, ಪೆಟ್ರೋಲ್ ಸುರಿಯಬೇಡಿ, ಮೇಲಿನ ವಾರ್ನಿಷ್ ಕರಗಿದರೆ ಒಳ್ಳೆಯ ಮೋಟಾರ್ ನಿಜವಾಗಿಯೂ ಸುಡುತ್ತದೆ. ಸ್ಪಿರಿಟ್ಟಿಗೂ ಬೇಗ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ, ದೀಪ, ಊದುಬತ್ತಿ, ಗ್ಯಾಸ್ ದೂರ ಇರಲಿ.

ಬುಷ್ ಒಣಗಿದ ಮೇಲೆ ಒಂದೆರಡು ತೊಟ್ಟು ಎಣ್ಣೆ ಬಿಟ್ಟು ಮುಚ್ಚಿದರೆ ಸ್ವಲ್ಪ ದಿನ ಮಾತ್ರ ಚೆನ್ನಾಗಿರುತ್ತದೆ. ರಂಧ್ರದೊಳಗೆ ಎಣ್ಣೆ ಇಳಿಯಬೇಕು. ಒಂದು ಸ್ಟೀಲ್ ಬಟ್ಟಲಿನಲ್ಲಿ ಎಣ್ಣೆ ಹಾಕಿ, ಬುಷ್ ಇರುವ ಮುಚ್ಚಳವನ್ನು ಅದರಲ್ಲಿ ಮುಳುಗಿಸಿ, ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಒಳಗಿನ ಗಾಳಿ ಹೊರಗೆ ಬರುತ್ತಿರುವುದು ಅದು. ಹಾಗೇ ಆರಲು ಬಿಡಿ. ಆರುವಾಗ ಗಾಳಿ ಖಾಲಿಯಾದ ಜಾಗಕ್ಕೆ ಎಣ್ಣೆ ಹೋಗುತ್ತದೆ. ಫೆಲ್ಟನ್ನೂ ನೆನೆಸಿ.

ಯಾವ ಎಣ್ಣೆ ಅನ್ನುವುದರ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ನಮ್ಮ ಕಡೆ ಬಾಗಿಲ ತಿರುಗಣಿಯಿಂದ ಹಿಡಿದು ಫ್ಯಾನಿನ ತನಕ ಎಲ್ಲಕ್ಕೂ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಇದೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ನೋಡಿದ್ದೀರಿ ಅಲ್ವಾ? ಮೋಟಾರಿನೊಳಗೂ ಅದೇ ಆಗುತ್ತದೆ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಇನ್ನೂ ಕೆಟ್ಟದ್ದು, ಗಾಳಿಗೆ ಒಣಗಿ ಅಂಟಾಗುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ಕ್ಷಣಕ್ಕೆ ಸದ್ದು ನಿಲ್ಲುತ್ತದೆ, ಆಮೇಲೆ ಅದರ ಬಹುಭಾಗ ಆರಿಹೋಗಿ, ಇದ್ದಬದ್ದ ಎಣ್ಣೆಯನ್ನೂ ತೊಳೆದುಕೊಂಡು ಹೋಗಿರುತ್ತದೆ. ಬೈಕಿನ ಇಂಜಿನ್ ಆಯಿಲ್ಲಿನಲ್ಲಿ ಕೊಳೆ ಎತ್ತುವ ಔಷಧಿ ಬೆರೆತಿರುತ್ತದೆ, ಅದೂ ಬೇಡ. ಗ್ರೀಸ್ ಹಾಕಿದರೆ ರಂಧ್ರ ಮುಚ್ಚಿಹೋಗುತ್ತದೆ. ಬೇಕಾಗಿರುವುದು ಔಷಧಿ ಬೆರೆಸದ, ತೆಳ್ಳನೆಯ ಖನಿಜ ಎಣ್ಣೆ. ಒಳ್ಳೆಯ ಹೊಲಿಗೆ ಮಿಷನ್ ಎಣ್ಣೆ ಸಣ್ಣ ಮೋಟಾರಿಗೆ ನಡೆಯುತ್ತದೆ. ಅದಕ್ಕಿಂತ ಸ್ವಲ್ಪ ದಪ್ಪ ಇದ್ದು ಬೇಗ ಆರದ ಟರ್ಬೈನ್ ಎಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮೂರಿನವರಾದರೆ ಪಿ.ಬಿ. ರಸ್ತೆಯ ಕಡೆ ಬೇರಿಂಗ್, ಆಯಿಲ್ ಅಂಗಡಿಗಳಲ್ಲಿ ಕೇಳಿ ನೋಡಿ. ನಮ್ಮಪ್ಪನ ಕಾಲದಲ್ಲಿ ಈ ಊರಲ್ಲಿ ಇಂಥ ತೆಳ್ಳನೆಯ ಸ್ಪಿಂಡಲ್ ಆಯಿಲ್ಲಿಗೆ ಬರ ಇರಲಿಲ್ಲ. ಮಿಲ್ಲುಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ಮಿಲ್ಲು ಮುಚ್ಚಿದ ಮೇಲೆ ಯಂತ್ರಗಳ ಜೊತೆ ಎಣ್ಣೆಯ ತಿಳಿವಳಿಕೆಯೂ ಇಲ್ಲಿಂದ ಹೊರಟುಹೋದದ್ದು ನನಗೆ ನಿಜಕ್ಕೂ ಬೇಸರ.

ಜೋಡಿಸುವಾಗ ಅವಸರ ಬೇಡ. ಶಾಫ್ಟಿನ ಕೆಳತುದಿ ಕೂರುವ ಉಕ್ಕಿನ ಗುಂಡು ಅಥವಾ ಸಣ್ಣ ಬಿಲ್ಲೆ ಬಿಚ್ಚುವಾಗ ಉರುಳಿ ಹೋಗಿರಬಹುದು. ಅದಿಲ್ಲದಿದ್ದರೆ ಲೋಹಕ್ಕೆ ಲೋಹ ಬಡಿಯುತ್ತದೆ. ನಾನು ಬಿಳಿ ಪಂಚೆ ಹಾಸಿಕೊಂಡು ಅದರ ಮೇಲೆ ಬಿಚ್ಚುತ್ತೇನೆ, ಬಿದ್ದದ್ದು ಕಾಣುತ್ತದೆ. ಉದ್ದನೆಯ ಸ್ಕ್ರೂಗಳನ್ನು ಒಂದೇ ಸಲ ಬಿಗಿಯಬೇಡಿ. ಇದೊಂದು ಸುತ್ತು, ಅದೊಂದು ಸುತ್ತು. ನಡುನಡುವೆ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿ. ಬಿಗಿ ಅನ್ನಿಸಿದರೆ ಸ್ಕ್ರೂ ಡ್ರೈವರಿನ ಮರದ ಹಿಡಿಯಿಂದ ಮುಚ್ಚಳಕ್ಕೆ ಮೆಲ್ಲಗೆ ತಟ್ಟಿ. ಬುಷ್ ತನ್ನ ಗೂಡಿನಲ್ಲಿ ಸ್ವಲ್ಪ ಹೊರಳಿ ನೇರವಾಗುತ್ತದೆ. ಶಾಫ್ಟ್ ಸಡಿಲವಾಗಿ ತಿರುಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಈ ಒಂದು ಹಂತದಲ್ಲಿ ತಾಳ್ಮೆ ಇಲ್ಲದವರು ಎಷ್ಟು ಎಣ್ಣೆ ಬಿಟ್ಟರೂ ಪ್ರಯೋಜನ ಇಲ್ಲ.

ಎರಡನೆಯ ತೊಂದರೆ ರಬ್ಬರ್. ಮೋಟಾರನ್ನು ನೇರವಾಗಿ ತಗಡಿಗೆ ಬಿಗಿದಿರುವುದಿಲ್ಲ. ಮೂರು ರಬ್ಬರ್ ಉಂಗುರಗಳಲ್ಲಿ, ಕೆಲವು ಪ್ಲೇಯರ್‌ಗಳಲ್ಲಿ ಸ್ಪ್ರಿಂಗ್‌ಗಳಲ್ಲಿ ತೂಗುಹಾಕಿರುತ್ತಾರೆ. ಕಾರಣ ಇದೆ. ಎಷ್ಟೇ ಒಳ್ಳೆಯ ಎಸಿ ಮೋಟಾರ್ ಆದರೂ ಸೆಕೆಂಡಿಗೆ 100 ಸಲ ಸಣ್ಣಗೆ ನಡುಗುತ್ತದೆ, ಕರೆಂಟಿನ 50 ಹರ್ಟ್ಸಿನ ಎರಡರಷ್ಟು. ಆ ನಡುಕ ತಗಡಿಗೆ ಹೋಗದಂತೆ ತಡೆಯುವುದು ರಬ್ಬರಿನ ಕೆಲಸ. ನಮ್ಮದರಲ್ಲಿ ರಬ್ಬರ್ ಕಲ್ಲಾಗಿ ಉಗುರಿಗೆ ಪುಡಿ ಉದುರುತ್ತಿತ್ತು. ಆಟೊಮೊಬೈಲ್ ಅಂಗಡಿಯಲ್ಲಿ, ತಗಡಿನ ತೂತಿಗೆ ವೈರ್ ತೂರಿಸಲು ಹಾಕುವ ರಬ್ಬರ್ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಅಳತೆ ಹೊಂದಿಸಿ ತಂದೆ. ಬೆರಳಲ್ಲಿ ಒತ್ತಿದರೆ ಬಗ್ಗುವ ಮೆತ್ತನೆಯದೇ ಬೇಕು. ಹಾಕಿದ ಮೇಲೆ ಸ್ಕ್ರೂ ಅತಿಯಾಗಿ ಬಿಗಿದರೆ ರಬ್ಬರ್ ಅಪ್ಪಚ್ಚಿಯಾಗಿ ಮತ್ತೆ ಅದೇ ಕಥೆ. ಮೋಟಾರನ್ನು ಕೈಯಲ್ಲಿ ಅಲ್ಲಾಡಿಸಿದರೆ ಸ್ವಲ್ಪ ತೂಗಬೇಕು. ನನ್ನ ಲೆಕ್ಕದಲ್ಲಿ, ಸ್ಪೀಕರಿನ ಗುರ್ ಸದ್ದು ಅರ್ಧಕ್ಕಿಂತ ಹೆಚ್ಚು ಇಳಿದದ್ದು ಈ ಮೂರು ರಬ್ಬರಿನಿಂದ. ಇದನ್ನು ಯಾವ ಅಂಗಡಿಯವರೂ ನೋಡುವುದೇ ಇಲ್ಲ. ಸಾಗಿಸುವಾಗ ಅಲುಗದಿರಲಿ ಅಂತ ಕಂಪನಿಯವರು ಹಾಕಿರುವ ಬಿಗಿ ಸ್ಕ್ರೂಗಳೂ ಕೆಲವು ಪ್ಲೇಯರ್‌ಗಳ ಮೇಲುಗಡೆ ಇರುತ್ತವೆ. ಮನೆಗೆ ಬಂದ ಮೇಲೆ ಅವನ್ನು ಸಡಿಲಿಸಬೇಕು. ಸಡಿಲಿಸದೇ ಇದ್ದರೆ ಇಡೀ ಹಲಗೆ ಸ್ಪ್ರಿಂಗ್ ಮೇಲೆ ತೇಲುವುದಿಲ್ಲ.

ಮೂರನೆಯದು ರಬ್ಬರ್ ಚಕ್ರ. ಇದಕ್ಕೆ ಕಾರಣ ನಮ್ಮ ಕರೆಂಟ್. ಹಾಡು ನಡೆಯುತ್ತಿರುವಾಗ ಕರೆಂಟ್ ಹೋಗುತ್ತದೆ. ಬಂದಾಗ ತಾನೇ ಶುರುವಾಗಲಿ ಅಂತ ಪ್ಲೇಯರನ್ನು ಹಾಗೇ ಬಿಡುತ್ತಾರೆ. ಆ ಹೊತ್ತಿನಲ್ಲಿ ರಬ್ಬರ್ ಚಕ್ರ ಮೋಟಾರ್ ಶಾಫ್ಟಿನ ತುದಿಯ ಸಣ್ಣ ಪುಲ್ಲಿಗೆ ಒತ್ತಿಕೊಂಡೇ ನಿಂತಿರುತ್ತದೆ. ರಾತ್ರಿಯಿಡೀ ಹಾಗೇ ನಿಂತರೆ ರಬ್ಬರಿನಲ್ಲಿ ತಗ್ಗು ಬೀಳುತ್ತದೆ. ಆಮೇಲೆ ತಿರುಗುವಾಗೆಲ್ಲ ಟಪ್ ಟಪ್. ಆಫ್ ಮಾಡಿದರೆ ಚಕ್ರ ಹಿಂದಕ್ಕೆ ಸರಿಯುವಂತೆ ಅದನ್ನು ಮಾಡಿರುತ್ತಾರೆ. ಆದ್ದರಿಂದ ಕರೆಂಟ್ ಹೋದ ಕೂಡಲೇ ಗುಂಡಿ ಆಫ್ ಮಾಡಿ, ಮುಳ್ಳು ಎತ್ತಿಡಿ. ಸಣ್ಣ ತಗ್ಗಾದರೆ ಪ್ಲೇಯರ್ ಒಂದಷ್ಟು ಹೊತ್ತು ಓಡುತ್ತಾ ಇದ್ದಂತೆ ತಕ್ಕಮಟ್ಟಿಗೆ ಸರಿಹೋಗುತ್ತದೆ. ಅಂಚು ಹೊಳಪು ಬಂದು ಜಾರುತ್ತಿದ್ದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಚಕ್ರಕ್ಕೆ, ಪುಲ್ಲಿಗೆ, ತಟ್ಟೆಯ ಒಳ ಅಂಚಿಗೆ ಎಣ್ಣೆಯ ಕೈ ತಾಗಬಾರದು. ತಾಗಿದರೆ ತಟ್ಟೆ ಜಾರಿ ಹಾಡು ಎಳೆದಾಡುತ್ತದೆ. ಚಕ್ರದ ನಡುವಿನ ಸಣ್ಣ ಗೂಟಕ್ಕೆ ಮಾತ್ರ ಒಂದು ತೊಟ್ಟು ಎಣ್ಣೆ.

ಎಲ್ಲ ಮುಗಿದ ಮೇಲೆ ವೇಗ ಸರಿ ಇದೆಯೋ ಇಲ್ಲವೋ ಅಂತ ನೋಡಲು ಮನೆಯ ಟ್ಯೂಬ್‌ಲೈಟ್ ಸಾಕು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ 50 ಹರ್ಟ್ಸಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಒಂದು ದುಂಡನೆಯ ಕಾಗದದ ಅಂಚಿನಲ್ಲಿ ಸಮ ಅಂತರದಲ್ಲಿ 180 ಗೀಟು ಎಳೆದು ತಟ್ಟೆಯ ಮೇಲಿಡಿ. ವೇಗ ಸರಿಯಾಗಿ 33⅓ ಇದ್ದರೆ ಗೀಟುಗಳು ನಿಂತ ಹಾಗೆ ಕಾಣುತ್ತವೆ. ತಿರುಗುವ ದಿಕ್ಕಿಗೇ ಸರಿದರೆ ವೇಗ ಜಾಸ್ತಿ, ಹಿಂದಕ್ಕೆ ಸರಿದರೆ ಕಡಿಮೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟಿಗಾದರೆ 77 ಗೀಟು. ಎಲ್‌ಇಡಿ ಬಲ್ಬಿನಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ, ಹಾಗಾಗಿ ಹಳೆಯ ಟ್ಯೂಬ್‌ಲೈಟ್ ಪಟ್ಟಿ ಒಂದನ್ನು ನಾನು ಉಳಿಸಿಕೊಂಡಿದ್ದೇನೆ.

ಅಮೆರಿಕದಲ್ಲಿರುವ ಮಕ್ಕಳು, ಅಳಿಯಂದಿರು ಅಲ್ಲಿಂದ ಪ್ಲೇಯರ್ ತಂದುಕೊಡುವುದುಂಟು. ಅದು 110 ವೋಲ್ಟಿನದು ಅಂತ ಟ್ರಾನ್ಸ್‌ಫಾರ್ಮರ್ ಹಾಕುತ್ತಾರೆ, ಸರಿ. ಆದರೆ ಅಲ್ಲಿನ ಕರೆಂಟ್ 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. ಎಸಿ ಮೋಟಾರಿನ ಪ್ಲೇಯರ್ ಆದರೆ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ, 33⅓ ಇರಬೇಕಾದ್ದು 28ರ ಆಸುಪಾಸು. ಎಲ್ಲರ ಗಂಟಲೂ ದಪ್ಪ ಕೇಳುತ್ತದೆ. ಮೋಟಾರ್ ಕೆಟ್ಟಿದೆ ಅಂತ ತಿಳಿಯಬೇಡಿ. 50 ಹರ್ಟ್ಸಿಗೆ ಮಾಡಿದ ಸ್ವಲ್ಪ ದೊಡ್ಡ ಪುಲ್ಲಿ ಹಾಕಿಸಬೇಕು, ಅಷ್ಟೇ. ಇಲ್ಲೇ ಕೊಂಡದ್ದಾದರೂ ಕೆಲವು ಪ್ಲೇಯರ್‌ಗಳ ಅಡಿಯಲ್ಲಿ 110, 220 ಅಂತ ಬದಲಿಸುವ ಪಟ್ಟಿ ಇರುತ್ತದೆ. ಅದು 220ರ ಕಡೆ ಇದೆಯಾ ಅಂತ ಪ್ಲಗ್ ಹಾಕುವ ಮೊದಲೇ ನೋಡಿ.

ಎರಡು ವೈಂಡಿಂಗ್ ಇದ್ದು ನಿಧಾನ ತಿರುಗುವ ಸಿಂಕ್ರೊನಸ್ ಮೋಟಾರ್, ಬೆಲ್ಟಿನ ಒಳ್ಳೆಯ ಪ್ಲೇಯರ್‌ಗಳಲ್ಲಿ ಇರುತ್ತದೆ. ಅದರ ಕಂಡೆನ್ಸರ್ ವಯಸ್ಸಾಗಿ ಅಳತೆ ತಪ್ಪಿದರೆ ಮೋಟಾರ್ ನಡುಗುತ್ತದೆ, ಕೆಲವೊಮ್ಮೆ ಹಿಂದುಮುಂದಾಗಿಯೂ ತಿರುಗುತ್ತದೆ. ಸೀಲಿಂಗ್ ಫ್ಯಾನ್ ರಿಪೇರಿ ಗೊತ್ತಿರುವವರಿಗೆ ಇದು ಹೊಸದಲ್ಲ. ಕಂಡೆನ್ಸರ್ ಮೇಲೆ ಬರೆದಷ್ಟೇ ಮೈಕ್ರೊಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಹೆಚ್ಚಿನದು ಹಾಕಬೇಕು. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರಬಹುದು, ಕೈಯಲ್ಲಿ ಮುಟ್ಟಬೇಡಿ, ಗೊತ್ತಿರುವವರಿಂದ ಮಾಡಿಸಿ. ಇನ್ನು ಈಗ ಬರುವ ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ಗಳಲ್ಲಿ ಡಬ್ಬಿ ಆಕಾರದ ಸಣ್ಣ ಡಿಸಿ ಮೋಟಾರ್ ಇರುತ್ತದೆ. ಒಳಗೆ ಬ್ರಷ್ ಇದೆ, ಡಬ್ಬಿ ಬಿಚ್ಚಲು ಬರುವುದಿಲ್ಲ. ಶಾಫ್ಟ್ ಹೊರಗೆ ಬರುವ ಕಡೆ ಸೂಜಿ ಮೊನೆಯಿಂದ ಒಂದು ತೊಟ್ಟು ಎಣ್ಣೆ ಬಿಟ್ಟು ನೋಡಿ. ಆಗಲೂ ಸದ್ದು ನಿಲ್ಲದಿದ್ದರೆ ಅಷ್ಟೇ ವೋಲ್ಟಿನ, ಅಷ್ಟೇ ವೇಗದ, ಅದೇ ದಿಕ್ಕಿಗೆ ತಿರುಗುವ ಮೋಟಾರ್ ಬದಲಿಸಿ. ಅಲ್ಲಿ ಮಾತ್ರ ಬದಲಿಸುವುದೇ ಸರಿಯಾದ ದಾರಿ. ಅದಕ್ಕೂ ಇಡೀ ಪ್ಲೇಯರ್ ಎಸೆಯಬೇಕಿಲ್ಲ.

ಮನೆಯಲ್ಲಿ ಆಗದ ಕೆಲಸವೂ ಇದೆ. ಸುಟ್ಟ ವಾಸನೆ ಬಂದರೆ, ಮುಟ್ಟಲಾಗದಷ್ಟು ಬಿಸಿಯಾದರೆ, ಬುಷ್ಷಿನ ತೂತು ಸವೆದು ಶಾಫ್ಟ್ ಅಡ್ಡಡ್ಡ ಅಲುಗಾಡಿದರೆ, ಅಥವಾ ಬಿದ್ದು ಶಾಫ್ಟ್ ಬಾಗಿದ್ದರೆ ಎಣ್ಣೆಯಿಂದ ಏನೂ ಆಗದು. ಆಗಲೂ ಗುಜರಿ ಅಂಗಡಿ ಕೊನೆಯ ಜಾಗ. ನಮ್ಮ ದಾವಣಗೆರೆಯಲ್ಲಿ, ಚಿತ್ರದುರ್ಗದಲ್ಲಿ, ಬೋರ್‌ವೆಲ್ ಪಂಪು ಇರುವ ಊರೂರಲ್ಲಿ ಮೋಟಾರ್ ವೈಂಡಿಂಗ್ ಮಾಡುವವರಿದ್ದಾರೆ. ಸಣ್ಣ ಬುಷ್ ಕಡೆದುಕೊಡುವ ಲೇತ್ ಅಂಗಡಿಗಳಿವೆ. ರೆಕಾರ್ಡ್ ಪ್ಲೇಯರ್ ಅಂದ ಕೂಡಲೇ ಅವರು ಬೇಡ ಅನ್ನಬಹುದು. ಮೋಟಾರ್ ಒಂದನ್ನೇ ಬಿಚ್ಚಿಕೊಂಡು ಹೋಗಿ ಮುಂದಿಡಿ. ಅವರಿಗೆ ಗೊತ್ತಿರುವ ಕೆಲಸವೇ ಅದು.

ರಿಪೇರಿ ಅಂಗಡಿ ನಡೆಸುವ ಅಣ್ಣತಮ್ಮಂದಿರಲ್ಲಿ ಒಂದು ವಿನಂತಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ಪುರುಸೊತ್ತಿಲ್ಲ ಅನ್ನಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನೋಡದೆ "ಹೋಗೈತಿ" ಅನ್ನಬೇಡಿ. ಆ ಒಂದು ಮಾತಿಗೆ ವಯಸ್ಸಾದವರು ತಾವು ಜೋಪಾನ ಮಾಡಿದ ವಸ್ತುವನ್ನು ತೂಕದ ಲೆಕ್ಕಕ್ಕೆ ಕೊಟ್ಟುಬಿಡುತ್ತಾರೆ. ಐಟಿಐಗಳ ಎಲೆಕ್ಟ್ರಿಷಿಯನ್ ಮತ್ತು ಫಿಟ್ಟರ್ ವಿಭಾಗದ ಗುರುಗಳಲ್ಲೂ ಒಂದು ಮಾತು. ತಿಂಗಳಿಗೊಂದು ಶನಿವಾರ ಊರಿನವರು ಮನೆಯ ಹಳೆಯ ಫ್ಯಾನು, ಮಿಕ್ಸಿ, ಪ್ಲೇಯರ್ ತಂದು ನಿಮ್ಮ ಮಕ್ಕಳ ಜೊತೆ ಕೂತು ಬಿಚ್ಚಿ ನೋಡುವ ಹಾಗೆ ಮಾಡಿ. ಸದ್ದು ಕೇಳಿ ತಪ್ಪು ಹುಡುಕುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ನೂರು ಮೋಟಾರಿನ ಸದ್ದು ಕೇಳಿರಬೇಕು. ನಿಮ್ಮಲ್ಲೂ ಒಂದು ಬೇಡಿಕೆ ಸಂಪಾದಕರೇ. ಹೊಸ ವಸ್ತು ಯಾವುದು ಕೊಳ್ಳಬೇಕು ಅಂತ ಪುರವಣಿಯಲ್ಲಿ ವಾರವಾರ ಬರೆಯುತ್ತೀರಿ. ಇದ್ದದ್ದನ್ನು ರಿಪೇರಿ ಮಾಡುವುದು ಹೇಗೆ ಅನ್ನುವುದಕ್ಕೂ ಒಂದು ಮೂಲೆ ಕೊಡಿ. ಬರೆಯಲು ನಮ್ಮೂರಿನಲ್ಲೇ ಬೇಕಾದಷ್ಟು ಮೆಕ್ಯಾನಿಕ್‌ಗಳು ಸಿಗುತ್ತಾರೆ.

ನಮ್ಮ ಅತ್ತೆಯವರಿಗೆ ಈಗ ಸಂಜೆ ಕಾಳಿಂಗರಾಯರು ಬೇಕೇ ಬೇಕು. ನಮ್ಮ ಪ್ಲೇಯರಿಗೆ ಇನ್ನು ಆಗಬೇಕಾದ ಕೆಲಸ ಒಂದೇ, ತಟ್ಟೆಯ ನಡುಗಂಬದ ಹಳೆಯ ಎಣ್ಣೆ ತೆಗೆದು ಹೊಸದು ಹಾಕುವುದು. ದಸರಾ ಹೊಲಿಗೆಯ ಗಡಿಬಿಡಿ ಮುಗಿದ ಮೇಲೆ ಅದಕ್ಕೆ ಕೈ ಹಾಕುತ್ತೇನೆ.

ಇತಿ ನಿಮ್ಮ ಓದುಗರಲ್ಲೊಬ್ಬಳು,
ಲೇಡೀಸ್ ಟೈಲರ್, ನಿಟುವಳ್ಳಿ, ದಾವಣಗೆರೆ